ಕಾಕಾನ ಫೈಲು ಮತ್ತು ಮಿಲಿಟ್ರಿ ವಕೀಲರು

ಹೋದ ಸಲ ನಿಡಸೋಸಿಗೆ ಹೋದಾಗ ಕಾಕಾ ಒಂದು ಪ್ರಶ್ನೆ ಕೇಳಿದ. "ತಮ್ಮಾ, ಮಿಲಿಟ್ರ್ಯಾಗೂ ವಕೀಲರು ಇರ್ತಾರಂತಲ್ಲೋ? ನಾ ಹನ್ನೊಂದು ವರ್ಷ ಇದ್ದೆ, ಒಬ್ಬನ್ನೂ ನೋಡ್ಲಿಲ್ಲ." ಆರೋಗ್ಯ ಕೆಟ್ಟಿದೆ ಅಂತ ಸೈನ್ಯದಿಂದ ಮನೆಗೆ ಕಳಿಸಿದ ಮನುಷ್ಯ ಅವನು. ಅಂಗವೈಕಲ್ಯ ಪಿಂಚಣಿಯ ಅರ್ಜಿ ವಾಪಸ್ ಬಂದ ಮೇಲೆ ಆ ಫೈಲು ಟ್ರಂಕಿನ ತಳದಲ್ಲೇ ಉಳಿದಿದೆ.

ನಾನು ಕಾನೂನು ಓದಿದವನಲ್ಲ, ಕೋಡ್ ಬರೆಯುವವನು. ಆದರೂ ಬೆಂಗಳೂರಿಗೆ ಬಂದು ಹುಡುಕಿದೆ. ವಕೀಲರು ಇದ್ದಾರೆ. ಅವರ ಶಾಖೆಗೆ ಜಡ್ಜ್ ಅಡ್ವೊಕೇಟ್ ಜನರಲ್, ಅಂದರೆ 'ಜ್ಯಾಗ್', ಅಂತ ಹೆಸರು. ಎಲ್‌ಎಲ್‌ಬಿ ಮುಗಿಸಿ, ಚೆನ್ನೈನ ಅಕಾಡೆಮಿಯಲ್ಲಿ ಎಲ್ಲ ಅಧಿಕಾರಿಗಳ ಹಾಗೆ ಬೆವರು ಸುರಿಸಿ ಸೇರುತ್ತಾರೆ. ಕಮಾಂಡರುಗಳಿಗೆ ಕಾನೂನು ಸಲಹೆ ಕೊಡುವುದು ಅವರ ಕೆಲಸ. ಜನರಲ್ ಕೋರ್ಟ್ ಮಾರ್ಷಲ್ ನಡೆದರೆ ಒಬ್ಬ ಜಡ್ಜ್ ಅಡ್ವೊಕೇಟ್ ಕೂರಲೇಬೇಕು, ಆದರೆ ಅವರಿಗೆ ಓಟಿಲ್ಲ.

ಕಾಕಾನಂಥ ಜವಾನರು ಅವರನ್ನು ನೋಡದಿರುವುದಕ್ಕೂ ಕಾರಣವಿದೆ. 1950ರ ಸೇನಾ ಕಾಯ್ದೆಯಲ್ಲಿ 'ಸಮ್ಮರಿ ಕೋರ್ಟ್ ಮಾರ್ಷಲ್' ಅಂತ ಇದೆ. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬನೇ ಕೋರ್ಟು. ಜೊತೆಗೆ ಇಬ್ಬರು ಕೂತಿರುತ್ತಾರೆ, ಅಷ್ಟೆ. ಒಂದು ವರ್ಷದವರೆಗೆ ಜೈಲು ಹಾಕಬಹುದು. ನಮ್ಮ ಕಂಪನಿಯಲ್ಲಿ ಮ್ಯಾನೇಜರೇ ದೂರು ಕೊಟ್ಟು, ಮ್ಯಾನೇಜರೇ ತೀರ್ಪು ಬರೆದರೆ ಹೇಗಿರುತ್ತೆ, ಯೋಚನೆ ಮಾಡಿ!

ಇದು ಸರಿಯಲ್ಲ ಅಂತ 1982ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಹೇಳಿತು. ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಅಪೀಲಿಗೆ ಒಂದು ಜಾಗವೂ ಇಲ್ಲವಲ್ಲ ಅನ್ನೋದು ಅದರ ಕೊರಗು. ತೀರ್ಪು ಬರೆದವರು ನ್ಯಾಯಮೂರ್ತಿ ಡಿ. ಎ. ದೇಸಾಯಿ. ಪಿಂಚಣಿ ಭಿಕ್ಷೆಯಲ್ಲ, ಹಕ್ಕು ಅಂದ ನಕಾರಾ ತೀರ್ಪನ್ನೂ ಅದೇ ವರ್ಷ ಡಿಸೆಂಬರಿನಲ್ಲಿ ಬರೆದವರು ಅವರೇ. ಆಮೇಲೆ ಸರ್ಕಾರಕ್ಕೆ ಎಚ್ಚರ ಆಗೋಕೆ ಕಾಲು ಶತಮಾನ ಬೇಕಾಯಿತು. ನಡುವೆ 1999ರಲ್ಲಿ ಕಾನೂನು ಆಯೋಗ ತನ್ನ 169ನೇ ವರದಿಯಲ್ಲಿ ನೆನಪು ಮಾಡಿಕೊಟ್ಟಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಶುರುವಾದದ್ದು 2009ರ ಆಗಸ್ಟಿನಲ್ಲಿ.

ಶಿಕ್ಷೆಯೊಂದೇ ಅಲ್ಲ, ಬಡ್ತಿ, ಸಂಬಳ, ಪಿಂಚಣಿ, ಅಂದರೆ ನೌಕರಿಯ ತಕರಾರುಗಳೂ ಅಲ್ಲಿಗೇ ಬರುತ್ತವೆ. ಮಿಲಿಟ್ರಿ ವಕೀಲನ ಬಾಳು ತಿರುವು ತಗೊಂಡದ್ದೂ ಇಲ್ಲೇ. ಪೀಠದಲ್ಲಿ ಕೂರುವ ಆಡಳಿತ ಸದಸ್ಯರ ಜಾಗಕ್ಕೆ ಜಡ್ಜ್ ಅಡ್ವೊಕೇಟ್ ಜನರಲ್ ಆಗಿದ್ದವರೂ ಅರ್ಹರು ಅಂತ ಕಾಯ್ದೆಯ 6ನೇ ಸೆಕ್ಷನ್ನಿನಲ್ಲೇ ಬರೆದರು. ನಿವೃತ್ತರಾಗಿ ಕರಿ ಕೋಟು ಹಾಕಿದ ಜ್ಯಾಗ್ ಅಧಿಕಾರಿಗೆ ಎದುರು ಕಡೆಯವರ ಫೈಲು ಹೇಗೆ ತಯಾರಾಗುತ್ತೆ ಅಂತ ಗೊತ್ತು. ವೈದ್ಯಕೀಯ ಮಂಡಳಿ "ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಲ್ಲಿ ಹೆಚ್ಚಾದದ್ದೂ ಅಲ್ಲ" ಅಂತ ಬರೆಯುವ ಒಂದು ಸಾಲಿನಲ್ಲಿ ಮನುಷ್ಯನ ಪಿಂಚಣಿ ಹೋಗುತ್ತೆ. ಕಾರಣ ಬರೆದಿದ್ದಾರೋ ಇಲ್ಲವೋ ಅಂತ ಅವರ ಕಣ್ಣು ಮೊದಲು ಹುಡುಕುವುದು ಅಲ್ಲೇ.

2013ರ ಧರಮ್‌ವೀರ್ ಸಿಂಗ್ ಪ್ರಕರಣ ನಿಂತದ್ದು ಇದರ ಮೇಲೆಯೇ. ಸಿಗ್ನಲ್ಸ್‌ನಲ್ಲಿ 1985ಕ್ಕೆ ಸೇರಿ, ಮೂರ್ಛೆರೋಗ ಅಂತ 1994ರಲ್ಲಿ ಹೊರಬಿದ್ದವರು. ಸೇರುವಾಗ ಕಾಯಿಲೆ ಇದೆ ಅಂತ ನೀವು ಬರೆದಿಲ್ಲ, ಹಾಗಾದರೆ ಸೇವೆಯಲ್ಲೇ ಬಂದದ್ದು ಅಂತ ಹಿಡಿಯಬೇಕು, ಅಲ್ಲ ಅನ್ನುವುದಾದರೆ ಸೈನ್ಯವೇ ತೋರಿಸಲಿ ಅಂದಿತು ಸುಪ್ರೀಂ ಕೋರ್ಟು.

ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಕಾಕಾ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೇಸ್ ಹಾಕ್ಬೇಕಂದ್ರ ಎಲ್ಲಿಗೆ ಹೋಗ್ಬೇಕು?" ಅಂದ.

ಕೊಚ್ಚಿ, ಅಂದೆ. ಕರ್ನಾಟಕದ ಪ್ರಕರಣಗಳು ಹೋಗುವುದು ಕೊಚ್ಚಿ ಪೀಠಕ್ಕೆ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರವೇ ಇದೆ, ಮಂಡಳಿ ಮಾತ್ರ ಕೇರಳದಲ್ಲಿ. ಅಲ್ಲಿ ಸೋತರೆ ಹೈಕೋರ್ಟಿಗೆ ಹೋಗಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಾಗಿಲು ತೆರೆದಿದೆ, ಆದರೆ ಮೊದಲ ಮೆಟ್ಟಿಲು ಮಂಡಳಿಯೇ.

ಇನ್ನೊಂದನ್ನೂ ಹೇಳಲೇಬೇಕಾಯಿತು. 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ತಡವಾಗಿ ಹೋದರೂ ಪಿಂಚಣಿ ಕೇಳಬಹುದು, ಆದರೆ ಹಿಂದಿನ ಬಾಕಿ ಸಿಗೋದು ಕೇಸ್ ಹಾಕುವುದಕ್ಕೆ ಮುಂಚಿನ ಮೂರು ವರ್ಷದ್ದು ಮಾತ್ರ. ಟ್ರಂಕಿನಲ್ಲಿ ಕಳೆದ ಉಳಿದ ವರ್ಷಗಳ ಹಣ ಹೋದಂತೆಯೇ.

"ಹಂಗಾದ್ರ ಈ ತಿಂಗಳದೂ ಹೋತಲ್ಲೋ," ಅಂದ ಕಾಕಾ. ಮರುದಿನ ವಾಟ್ಸಾಪಿನಲ್ಲಿ ಹದಿನೇಳು ಫೋಟೋ ಬಂದವು. ಮೂರು ಮಸುಕಾಗಿದ್ದವು, ಮತ್ತೆ ತೆಗೆಯೋಕೆ ಹೇಳಿದ್ದೇನೆ.