ಬಿಟಿ ಹತ್ತಿಗೆ ಹುಳ ಬೀಳುವುದೇ ಇಲ್ಲವೇ? ಯಾವ ತಿಂಗಳಲ್ಲಿ ಯಾವ ಕೀಟ?

ಬಿಟಿ ಬೀಜ ಬಿತ್ತಿದರೆ ಹತ್ತಿಗೆ ಯಾವ ಹುಳವೂ ಬೀಳುವುದಿಲ್ಲ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ರೈತರಿಗೆ ಇದು ದುಬಾರಿ ನಂಬಿಕೆ. ಬಿಟಿ ಕೆಲಸ ಮಾಡುವುದು ಕಾಯಿಕೊರಕ ಹುಳಗಳ ಮೇಲೆ. ರಸ ಹೀರುವ ಕೀಟಗಳಿಗೆ ಅದರಿಂದ ಏನೂ ಆಗದು.

ಮುಂಗಾರಿಗೆ ಬಿತ್ತಿದ ಹತ್ತಿಗೆ ಮೊದಲು ಬರುವುದೇ ಈ ರಸ ಹೀರುವ ಕೀಟಗಳು. ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದರೆ ಥ್ರಿಪ್ಸ್ ನುಸಿ ಹೆಚ್ಚಿ ಎಲೆ ಮೇಲಕ್ಕೆ ಮುದುಡುತ್ತದೆ. ಜೋರು ಮಳೆಗೆ ನುಸಿ, ಹೇನು ತೊಳೆದು ಹೋಗುತ್ತವೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜಿಗಿಹುಳುವಿನ ಕಾಟ: ಎಲೆಯ ಅಂಚು ಕೆಂಪಾಗಿ ಕೆಳಕ್ಕೆ ಬಾಗುತ್ತದೆ. ಕೆಂಪಾದದ್ದೆಲ್ಲ ಕೀಟದ ಕೆಲಸವಲ್ಲ, ಮೆಗ್ನೀಸಿಯಂ ಕೊರತೆಯಲ್ಲೂ ಹಾಗಾಗುತ್ತದೆ. ಎಲೆ ತಿರುಗಿಸಿ ನೋಡಿ, ಆಮೇಲೆ ಔಷಧದ ಅಂಗಡಿಗೆ ಹೋಗಿ.

ನಿಜವಾದ ಭಯ ಗುಲಾಬಿ ಕಾಯಿಕೊರಕದ್ದು. ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ, ಎರಡು ಜೀನ್‌ಗಳ ಬೋಲ್‌ಗಾರ್ಡ್-2 ಬಂದದ್ದು 2006ರಲ್ಲಿ. ಈ ಹುಳ ಎರಡನ್ನೂ ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಂಡಿದೆ. ಹೂ ಬಿಡುವಾಗ ಶುರುವಾಗಿ, ಅಕ್ಟೋಬರ್ ದಾಟಿ ರಾತ್ರಿ ತಂಪಾಗುತ್ತಿದ್ದಂತೆ ಏರುತ್ತದೆ. ಹುಳ ಬಿದ್ದ ಹೂವು ಪೂರ್ತಿ ಅರಳದೆ, ಎಸಳು ಒಂದಕ್ಕೊಂದು ಅಂಟಿಕೊಂಡು ಗುಲಾಬಿ ಮೊಗ್ಗಿನಂತೆ ಉಳಿಯುತ್ತದೆ. ಮೊಟ್ಟೆಯೊಡೆದ ಮರಿ ಬೇಗನೆ ಕಾಯಿಯೊಳಗೆ ಹೊಕ್ಕುತ್ತದೆ, ಹೊಕ್ಕ ರಂಧ್ರವೂ ಮುಚ್ಚಿಕೊಳ್ಳುತ್ತದೆ. ಹೊರಗೆ ಕಾಯಿ ಹಸಿರು, ಒಳಗೆ ಅರಳೆ ಹಾಳು. ಒಳಗಿರುವ ಹುಳಕ್ಕೆ ಔಷಧ ತಾಗುವುದಿಲ್ಲ, ಹೀಗಾಗಿ ಹುಳ ಕಂಡ ಮೇಲೆ ಸಿಂಪಡಿಸುವುದು ಹಣ ಚೆಲ್ಲಿದಂತೆ.

ಅದಕ್ಕೇ ಎಕರೆಗೆ ಎರಡು ಮೋಹಕ ಬಲೆ ಕಟ್ಟಿ. ಸತತ ಮೂರು ದಿನ ಬಲೆಗೆ ದಿನಕ್ಕೆ 8 ಪತಂಗ ಬಿದ್ದರೆ ಸಿಂಪಡಣೆಗೆ ಸಮಯವಾಯಿತೆಂದು ಅರ್ಥ. ಬೇಗನೆ ಪೈರೆಥ್ರಾಯ್ಡ್ ಹೊಡೆಯಬೇಡಿ. ಮಿತ್ರ ಕೀಟಗಳು ಸತ್ತು ಬಿಳಿನೊಣ ಹೆಚ್ಚುತ್ತದೆ.

ನೀರಿದ್ದವರಿಗೆ ಇನ್ನೊಂದು ಬಿಡಿಸು ಸಿಗಲಿ ಎಂಬ ಆಸೆ ಸಹಜ. ಆದರೆ ಘಟಪ್ರಭೆ, ಕೃಷ್ಣೆಯ ದಂಡೆಯ ಹೊಲದಲ್ಲಿ ಜನವರಿ ನಂತರವೂ ಹತ್ತಿ ನಿಂತರೆ ಅದೇ ಹುಳದ ಗೂಡು. ಒಣಗಿದ ಕಾಯಿ, ಬೀಜ, ಕಟ್ಟಿಗೆಯ ರಾಶಿಯಲ್ಲಿ ಮರಿ ಸುಪ್ತವಾಗಿದ್ದು ಮುಂದಿನ ಬೆಳೆಗೆ ಏಳುತ್ತದೆ. ಡಿಸೆಂಬರ್-ಜನವರಿಯಲ್ಲಿ ಕಟ್ಟಿಗೆ ಕಿತ್ತು ಹೊಲ ಖಾಲಿ ಮಾಡಿ, ಬದುವಿನಲ್ಲಿ ರಾಶಿ ಒಟ್ಟಬೇಡಿ. ಪಕ್ಕದ ಹೊಲದವರಿಗೂ ಹೇಳಿ, ಪತಂಗಕ್ಕೆ ಸರ್ವೆ ನಂಬರ್ ಗೊತ್ತಿಲ್ಲ.