ಮನಶ್ಶಾಸ್ತ್ರ ಓದಿದವರಿಗೆ ಮುಂದೇನು?

ಪದವಿ ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಆರಿಸಿಕೊಂಡ ವಿದ್ಯಾರ್ಥಿಗೆ ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಎರಡೇ. ಒಂದು, ‘ನನ್ನ ಮನಸ್ಸಿನಲ್ಲಿ ಏನಿದೆ, ಹೇಳು ನೋಡೋಣ?’ ಇನ್ನೊಂದು, ‘ಇದನ್ನು ಓದಿ ಮುಂದೇನು ಮಾಡುತ್ತೀಯ?’ ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯದಕ್ಕೆ ಉತ್ತರ ಹುಡುಕಲೇಬೇಕು. ಆ ಉತ್ತರದ ಬಹುಪಾಲು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ.

ಮನಸ್ಸಿನ ಕುರಿತ ಚಿಂತನೆ ನಮ್ಮಲ್ಲಿ ಪುರಾತನವಾದದ್ದು. ಆದರೆ ಅದನ್ನು ಪ್ರಯೋಗಾಲಯಕ್ಕೆ ತಂದವನು ಜರ್ಮನಿಯ ವಿಲ್ಹೆಲ್ಮ್ ವುಂಟ್. 1879ರಲ್ಲಿ ಲೈಪ್‌ಜಿಗ್ ನಗರದಲ್ಲಿ ಅವನು ತೆರೆದ ಪ್ರಯೋಗಾಲಯವನ್ನು ಆಧುನಿಕ ಮನಶ್ಶಾಸ್ತ್ರದ ತವರು ಎನ್ನುತ್ತಾರೆ. ಅಲ್ಲಿಂದ ಭಾರತಕ್ಕೆ ಎರಡು ಕವಲುಗಳು ಹರಿದು ಬಂದವು. ವುಂಟ್‌ನ ಶಿಷ್ಯ ಮುನ್ಸ್ಟರ್‌ಬರ್ಗ್ ಅಮೆರಿಕದ ಹಾರ್ವರ್ಡ್‌ಗೆ ಹೋದ. ಅವನ ಬಳಿ ಕಲಿತ ಎನ್.ಎನ್. ಸೇನ್‌ಗುಪ್ತ 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಹೊಸ ವಿಭಾಗವನ್ನು ವಹಿಸಿಕೊಂಡರು. ಇನ್ನೊಬ್ಬ ಶಿಷ್ಯ ಚಾರ್ಲ್ಸ್ ಸ್ಪಿಯರ್‌ಮನ್, ಸೇನಾಧಿಕಾರಿಯ ಕೆಲಸ ಬಿಟ್ಟು ಬಂದು ಓದಿದವನು, ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಗಣಿತದ ತಳಹದಿ ಹಾಕಿದ. ಅವನ ಕೈಕೆಳಗೆ ಡಾಕ್ಟರೇಟ್ ಪಡೆದವರೇ ನಮ್ಮ ಎಂ.ವಿ. ಗೋಪಾಲಸ್ವಾಮಿ.

1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮಹಾರಾಜಾ ಕಾಲೇಜಿನಲ್ಲಿ ಆರಂಭವಾಯಿತು. ಆಗ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ಕಲ್ಕತ್ತದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಮೊದಲ ಪಠ್ಯಕ್ರಮವನ್ನು ರೂಪಿಸಿದವರೂ ಅವರೇ. ಹೀಗೆ ಎರಡು ಕವಲುಗಳೂ ಮೈಸೂರಿನಲ್ಲಿ ಕೂಡಿದವು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಪ್ರಸಾರವನ್ನು ಆರಂಭಿಸಿದವರೂ ಇದೇ ಗೋಪಾಲಸ್ವಾಮಿ ಎಂಬುದು ಅನೇಕರಿಗೆ ತಿಳಿದಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿ ಅವರು ಕಟ್ಟಿದ್ದನ್ನು ನೆನೆಯುವವರು ಮಾತ್ರ ಕಡಿಮೆ.

ಈ ಪರಂಪರೆಯಿಂದ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಸರಳವಾದದ್ದು. ಪ್ರಯೋಗದ ದಾಖಲೆ ಪುಸ್ತಕ ಮತ್ತು ಸಂಖ್ಯಾಶಾಸ್ತ್ರ, ಇವೆರಡನ್ನೂ ಅಂಕಕ್ಕಾಗಿ ಸಹಿಸಿಕೊಳ್ಳುವ ಹೊರೆ ಎಂದು ಬಗೆಯಬಾರದು. ಮನಶ್ಶಾಸ್ತ್ರ ತತ್ವಶಾಸ್ತ್ರದಿಂದ ಬೇರೆಯಾಗಿ ನಿಂತದ್ದೇ ಇವುಗಳ ಬಲದಿಂದ. ಸಂಶೋಧನೆಗೆ ಹೋಗಲಿ, ಕಾರ್ಖಾನೆಯ ಸಿಬ್ಬಂದಿ ವಿಭಾಗಕ್ಕೆ ಹೋಗಲಿ, ಅಳೆಯಲು ಬಲ್ಲವನಿಗೆ ಬೆಲೆ ಹೆಚ್ಚು.

ಅಳತೆಯ ಮಾತು ಬಂದಾಗ ಧಾರವಾಡವನ್ನು ನೆನೆಯಬೇಕು. ಫ್ರಾನ್ಸಿನ ಬಿನೆ 1905ರಲ್ಲಿ ರೂಪಿಸಿದ ಬುದ್ಧಿ ಪರೀಕ್ಷೆ ಅಮೆರಿಕದಲ್ಲಿ ಪರಿಷ್ಕಾರಗೊಂಡು ಲೋಕಪ್ರಸಿದ್ಧವಾಯಿತು. ಆದರೆ ಬೇರೆ ದೇಶದ ಮಕ್ಕಳಿಗಾಗಿ ಮಾಡಿದ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಕೇಳಿದರೆ, ಅಳೆದದ್ದು ಬುದ್ಧಿಯನ್ನೋ, ಭಾಷೆಯ ಪರಿಚಯವನ್ನೋ? ಈ ತೊಡಕನ್ನು ಕಂಡ ವಿ.ವಿ. ಕಾಮತ್, 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳನ್ನೇ ಪರೀಕ್ಷಿಸಿ ಆ ಮಾಪನವನ್ನು ನಮ್ಮ ನೆಲಕ್ಕೆ ಒಗ್ಗಿಸಿದರು. 1940ರಲ್ಲಿ ಅದರ ಕುರಿತ ಗ್ರಂಥ ಹೊರಬಂತು. ‘ಬಿನೆ–ಕಾಮತ್ ಪರೀಕ್ಷೆ’ ಈಗಲೂ ಅನೇಕ ಕಡೆ ಬಳಕೆಯಲ್ಲಿದೆ. ಇದು ಕಾಮತರಿಗೆ ಸಂದ ಗೌರವವೂ ಹೌದು, ನಮ್ಮ ಆಲಸ್ಯದ ಗುರುತೂ ಹೌದು. ಎಂಟು ದಶಕ ದಾಟಿದ ಅಳತೆಗೋಲಿನಿಂದ ಇಂದಿನ ಮಗುವಿನ ಬುದ್ಧಿಮಟ್ಟವನ್ನು ನಿರ್ಣಯಿಸಿದರೆ, ಆ ಮಗುವಿಗೆ ಸಿಗಬೇಕಾದ ಪ್ರಮಾಣಪತ್ರ, ನೆರವು, ಶಾಲೆ ಎಲ್ಲವೂ ಏರುಪೇರಾಗಬಹುದು.

ಮೂರನೆಯ ಘಟ್ಟ ಬೆಂಗಳೂರಿನದು. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ತರಬೇತಾದವರ ಕೊರತೆ ಎದ್ದು ಕಂಡಿತ್ತು. ಅದರ ಫಲವಾಗಿ 1954ರಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮೊದಲ ನಿರ್ದೇಶಕರು ಎಂ.ವಿ. ಗೋವಿಂದಸ್ವಾಮಿ. ಮೈಸೂರಿನ ಗೋಪಾಲಸ್ವಾಮಿಯವರ ಹೆಸರಿಗೂ ಇವರ ಹೆಸರಿಗೂ ಗೊಂದಲ ಮಾಡಿಕೊಳ್ಳಬಾರದು. ಮರುವರ್ಷವೇ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವೀಧರರಿಗೆ ರೋಗಿಗಳ ನಡುವೆ ತರಬೇತಿ ಕೊಡುವ ವ್ಯವಸ್ಥೆ ಶುರುವಾಯಿತು. ಸಂಸ್ಥೆ ಮತ್ತು ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಇಲ್ಲಿಯೇ ವಿದ್ಯಾರ್ಥಿ ಎಚ್ಚರ ವಹಿಸಬೇಕಾದದ್ದು. ಬಿ.ಎ. ಅಥವಾ ಬಿ.ಎಸ್ಸಿ. ಪದವಿಯೊಂದರಿಂದ ಚಿಕಿತ್ಸಕನಾಗಲು ಬರುವುದಿಲ್ಲ. 1992ರ ಕಾಯ್ದೆಯಂತೆ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ‘ಕ್ಲಿನಿಕಲ್ ಮನಶ್ಶಾಸ್ತ್ರಜ್ಞ’ರೆಂದು ವೃತ್ತಿ ನಡೆಸುವ ಅಧಿಕಾರ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದಕ್ಕೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ತರಬೇತಿಯನ್ನು ಅರ್ಹತೆಯಾಗಿ ಹೇಳಿತು. ಮುಂದೆ ಎಂ.ಫಿಲ್. ಪದವಿಯನ್ನೇ ಕೈಬಿಡುವ ನಿರ್ಧಾರವಾದಾಗ ಈ ವಿಷಯಕ್ಕೆ 2025–26ನೇ ಸಾಲಿನವರೆಗೆ ವಿನಾಯಿತಿ ದೊರೆಯಿತು. ನಿಯಮಗಳು ಹೀಗೆ ಬದಲಾಗುತ್ತಿರುವಾಗ, ಜಾಹೀರಾತು ನಂಬಿ ಶುಲ್ಕ ಕಟ್ಟುವ ಮೊದಲು ಆ ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ. ಕೆಲವು ವಾರಗಳ ತರಬೇತಿ ಕೊಟ್ಟು ‘ಸರ್ಟಿಫಿಕೇಟ್’ ಹಂಚುವವರಿಗೆ ಬರವಿಲ್ಲ. ಇದರಲ್ಲಿ ನಷ್ಟವಾಗುವುದು ವಿದ್ಯಾರ್ಥಿಯ ಹಣವಷ್ಟೇ ಅಲ್ಲ; ಅವನನ್ನು ನಂಬಿ ಬಂದ ನೊಂದ ಜೀವದ ನೆಮ್ಮದಿಯೂ ಕೆಡುತ್ತದೆ.

ಚಿಕಿತ್ಸೆಯೊಂದೇ ದಾರಿಯೂ ಅಲ್ಲ. ಅಧ್ಯಾಪನ, ಶಾಲಾ ಸಮಾಲೋಚನೆ, ವಿಶೇಷ ಮಕ್ಕಳ ಶಿಕ್ಷಣ, ಸಮಾಜಕಾರ್ಯ, ಸಂಶೋಧನೆ ಇವೆಲ್ಲಕ್ಕೂ ಪದವಿ ಮೆಟ್ಟಿಲಾಗುತ್ತದೆ, ಮುಂದಿನ ಓದು ಜೊತೆಗಿದ್ದರೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆ ಜನರ ಅಳಲನ್ನು ಅವರವರ ಭಾಷೆಯಲ್ಲಿಯೇ ಕೇಳುವ ಉದ್ದೇಶದ್ದು. ಅಂಥಲ್ಲಿ ಕನ್ನಡ ಬಲ್ಲ ತರಬೇತಾದವರು ಬೇಕೇಬೇಕು.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇಂಗ್ಲಿಷ್ ಪಠ್ಯದ ಮುಂದೆ ಕುಗ್ಗುವುದು ಸಹಜ. ಅವನಿಗೆ ಆಸರೆಯಿಲ್ಲದಿಲ್ಲ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಕುರಿತು ತಿಳಿಗನ್ನಡದಲ್ಲಿ ಬರೆದ ಪುಸ್ತಕಗಳು ಅನೇಕ. ಇಂಗ್ಲಿಷ್ ಪಠ್ಯದ ಜೊತೆಗೆ ಇಂಥವನ್ನು ಇಟ್ಟುಕೊಂಡು ಓದಿದರೆ ಪರಿಭಾಷೆಯ ಭಯ ಹೋಗುತ್ತದೆ. ಇಂಗ್ಲಿಷನ್ನು ಕಲಿಯಬೇಕು, ನಿಜ. ಆದರೆ ಹಳ್ಳಿಯ ಹೆಣ್ಣುಮಗಳೊಬ್ಬಳು ‘ಯಾಕೋ ಎದೆ ಭಾರ, ಯಾವುದರಲ್ಲೂ ಮನಸ್ಸಿಲ್ಲ’ ಎಂದಾಗ ಅದರ ಅರ್ಥ ಹಿಡಿಯುವುದು ಆ ನುಡಿಯಲ್ಲಿ ಬೆಳೆದವರಿಗೇ ಹೆಚ್ಚು ಸುಲಭ. ಕಾಮತರು ಕನ್ನಡದ ಮಕ್ಕಳನ್ನು ಕನ್ನಡದಲ್ಲಿಯೇ ಪ್ರಶ್ನಿಸಿದ್ದು ಈ ತಿಳಿವಳಿಕೆಯಿಂದ. ಆ ಕೆಲಸವನ್ನು ಈ ಕಾಲಕ್ಕೆ ಹೊಸದಾಗಿ ಮಾಡಬೇಕಾದವರು ಇಂದು ಪದವಿ ತರಗತಿಗಳಲ್ಲಿ ಕುಳಿತಿರುವವರೇ.