ಅಪ್ಪನ ವಹಿಯಲ್ಲಿ ಕೋಡು, ಗೋಡೆ, ಪರದೆ

ಅಪ್ಪನ ಲೆಕ್ಕದ ವಹಿಗೆ ಕೆಂಪು ಅರಿವೆಯ ರಟ್ಟು. ದೀಪಾವಳಿಗೆ ಅಂಗಡಿಯವರು ಪೂಜೆಗಿಡುತ್ತಾರಲ್ಲ, ಅಂಥದ್ದೇ ಉದ್ದನೆಯ ವಹಿ. ಮೊದಲ ಪುಟದಲ್ಲಿ 1983 ಎಂದಿದೆ. ಅದರ ಕೆಳಗೆ, "ಹೋರಿ ಕೋಡು, ಒಂದು ಜೋಡಿ. ಜೋಳ ಎರಡು ಸೇರು." ಅದರ ಕೆಳಗೆ, "ಹಿಟ್ಟಿನ ಗಿರಣಿ ಬೋರ್ಡು. ಬಾಕಿ." ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಬಾಕಿ ಮಾತ್ರ ಹಾಗೇ ಇದೆ. ಮುಂದೆ ಹೋದರೆ ಟ್ರ್ಯಾಕ್ಟರ್ ಟ್ರೇಲರ್, ಗಣಪತಿ, ಶಾಲೆ ಗೋಡೆಗೆ ಭಾರತದ ನಕಾಶೆ, ಚುನಾವಣೆಯ ಚಿಹ್ನೆ, ನಾಟಕದ ಸೀನು, ತೀರಿಕೊಂಡವರ ಫೋಟೋ ನೋಡಿ ಬರೆದ ಚಿತ್ರ, ಮತ್ತೆ ಕೋಡು.

ಕೆಲವು ವರ್ಷಗಳ ಹಿಂದೆ ದೊಡ್ಡ ಊರಿನ ಒಂದು ಗ್ಯಾಲರಿಗೆ ಅರ್ಜಿ ಹಾಕಿದ್ದೆ. ಅದರಲ್ಲಿ 'ನಿಮ್ಮ ಮಾಧ್ಯಮ' ಎಂಬ ಖಾನೆ, ಒಂದೇ ಪದ ಹಿಡಿಸುವಷ್ಟು. ಬಟ್ಟೆ, ಕಂಬಳಿ, ಗೋಡೆ, ವಿಡಿಯೊ ಎಂದು ಒತ್ತೊತ್ತಾಗಿ ತುಂಬಿದೆ. ಅಲ್ಲಿನವರೊಬ್ಬರು ಫೋನು ಮಾಡಿ, "ಇನ್ನೂ ಚಿಕ್ಕವರಿದ್ದೀರಿ, ಯಾವುದಾದರೂ ಒಂದನ್ನು ಹಿಡಿಯಿರಿ" ಎಂದು ಬುದ್ಧಿ ಹೇಳಿದರು. ಸಿಟ್ಟು ನೆತ್ತಿಗೇರಿತು. ಅಟ್ಟದ ಮೇಲಿದ್ದ ವಹಿಯನ್ನು ಇಳಿಸಿ ಮೊದಲಿನಿಂದ ಓದಿದ್ದು ಆ ಸಿಟ್ಟಿನಲ್ಲೇ. ನಮ್ಮ ಸೀಮೆಯಲ್ಲಿ ಒಂದನ್ನೇ ಹಿಡಿದು ಕೂತ ಚಿತ್ರಗಾರ ಯಾವ ಕಾಲದಲ್ಲಿದ್ದ ಎಂದು ಹುಡುಕುವುದೇ ನನ್ನ ಹಟವಾಯಿತು.

ನಮ್ಮ ಕುಪ್ಪೇಲೂರು ರಾಣೆಬೆನ್ನೂರು ತಾಲೂಕಿನ ಹೋಬಳಿ ಊರು. ಡಬ್ಬಿ ಬಣ್ಣ ಬರುವ ಮೊದಲು ಇಲ್ಲಿದ್ದದ್ದು ಕೆಮ್ಮಣ್ಣು, ಸುಣ್ಣ, ದೀಪದ ಮಸಿ. ಬಣ್ಣ ಹೆಂಗಸರ ಕೈಯಲ್ಲಿತ್ತು. ಅಜ್ಜಿ ಹೊರಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿದು, ಅದರ ಮೇಲೆ ಬೆರಳು ತುದಿಯಿಂದ ಸುಣ್ಣದ ಚುಕ್ಕಿ ಇಡುತ್ತಿದ್ದಳು. ಕಾರಹುಣ್ಣಿಮೆ ಬಂದರೆ ಅದೇ ಕೆಮ್ಮಣ್ಣು ಎತ್ತಿನ ಮೈ ಮೇಲೆ. ಲೋಟದ ಬಾಯಿ ಅದ್ದಿ ಒತ್ತಿದ ಉಂಗುರಗಳು. ಗೋಡೆಗೂ ಎತ್ತಿಗೂ ಬೇರೆ ಬೇರೆ ಕಲಾವಿದರು ಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಚಿತ್ರಕಲೆಯ ಶಾಲೆ ನಮಗೆ ದೂರವಾಗಿದ್ದದ್ದಕ್ಕೆ ಕಾರಣ ಸ್ವಲ್ಪ ವಿಚಿತ್ರ. ದಾವಣಗೆರೆ ನಮಗೆ ಹತ್ತಿರ, ಧಾರವಾಡ ದೂರ. ಆದರೆ 1956ಕ್ಕೆ ಮೊದಲು ರಾಣೆಬೆನ್ನೂರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ದಾವಣಗೆರೆ, ಹರಿಹರ ಮೈಸೂರು ಸಂಸ್ಥಾನದಲ್ಲಿ. ಹೊಳೆ ದಾಟಿದರೆ ಬೇರೆ ಸರ್ಕಾರ. ಕೈ ಓಡುವ ಹುಡುಗನ ಕಣ್ಣು ಹೋಗುತ್ತಿದ್ದದ್ದು ಧಾರವಾಡದ ಕಡೆಗೆ. ಅಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಚಿತ್ರಕಲಾ ಶಾಲೆ ತೆರೆದಿದ್ದರು. ನಾಡು ಒಂದಾದ ಮೇಲೆ, 1964ರಲ್ಲಿ ದಾವಣಗೆರೆಯಲ್ಲಿ ಕಲಾಶಾಲೆ ಶುರುವಾಯಿತು. ನಾನು ಓದಿದ್ದು ಅಲ್ಲೇ, ಈಗ ಅದು ದೃಶ್ಯಕಲಾ ಮಹಾವಿದ್ಯಾಲಯ. ನಮ್ಮ ಹಾವೇರಿ ಬೇರೆ ಜಿಲ್ಲೆಯಾದದ್ದಂತೂ 1997ರಲ್ಲಿ, ನಾನು ಹುಟ್ಟಿದ ವರ್ಷ. ಅಪ್ಪ ಧಾರವಾಡಕ್ಕೂ ಹೋಗಲಿಲ್ಲ, ದಾವಣಗೆರೆಗೂ ಹೋಗಲಿಲ್ಲ. ಡ್ರಾಯಿಂಗ್ ಲೋವರ್ ಪಾಸು ಮಾಡಿ, ಹೈಯರ್‌ಗೆ ಫೀ ಕಟ್ಟುವ ಹೊತ್ತಿಗೆ ಮನೆಯಲ್ಲಿ ಎಮ್ಮೆ ಸತ್ತಿತು. ಅಲ್ಲಿಗೆ ಓದು ಮುಗಿಯಿತು.

ಆದರೆ ಅವನ ಕಾಲಕ್ಕೆ ಗೋಡೆಗಳಿಗೆ ಸುಗ್ಗಿ ಬಂದಿತ್ತು. ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ ಹತ್ತಿ ತಳಿ ಹೊರಬಂದ ಮೇಲೆ ನಮ್ಮ ತಾಲೂಕಿನ ಹೊಲಗಳಲ್ಲಿ ಬೀಜೋತ್ಪಾದನೆ ಹಬ್ಬಿತು, ರಾಣೆಬೆನ್ನೂರು ಬೀಜದ ಪೇಟೆಯಾಯಿತು. ಬೀಜ, ಗೊಬ್ಬರ, ಔಷಧದವರಿಗೆಲ್ಲ ರಸ್ತೆ ಬದಿಯ ಗೋಡೆ ಬೇಕು. ವಹಿಯ ನಡುವಿನ ಪುಟಗಳು ಪೂರ್ತಿ ಅದೇ. ಸುಣ್ಣದ ದಾರ ಬಡಿದು ಗೆರೆ ಹಾಕಿಕೊಂಡು, ಎಡಗೈಯಲ್ಲಿ ತುದಿಗೆ ಅರಿವೆ ಉಂಡೆ ಕಟ್ಟಿದ ಕೋಲು ಹಿಡಿದು, ಅದರ ಮೇಲೆ ಬಲಗೈ ಊರಿ ಬರೆಯುತ್ತಿದ್ದ. ಕನ್ನಡ ಅಕ್ಷರದಲ್ಲಿ ಕಷ್ಟದ್ದು ತಲೆಕಟ್ಟಲ್ಲ, ಒತ್ತಕ್ಷರ ಎನ್ನುತ್ತಿದ್ದ. ಒತ್ತಿಗೆ ಕೆಳಗೆ ಜಾಗ ಬಿಡದಿದ್ದರೆ ಮುಂದಿನ ಸಾಲು ಅದನ್ನು ತುಳಿಯುತ್ತದೆ. ಒಮ್ಮೆ ಚೌಡಯ್ಯದಾನಪುರಕ್ಕೆ ಜಾತ್ರೆಗೆ ಹೋದಾಗ ಎಲ್ಲರೂ ಮುಕ್ತೇಶ್ವರನ ಗುಡಿಯ ಶಿಖರ ನೋಡುತ್ತಿದ್ದರೆ ಇವನು ಶಾಸನದ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. "ನೋಡು ಬೇ, ಒತ್ತಿಗೆ ಎಷ್ಟು ಜಾಗ ಬಿಟ್ಟಾನ. ಇವಂಗೆ ಅಳಿಸಿ ಬರಿಯಾಕ ಬರಂಗಿಲ್ಲ, ಕಲ್ಲು." ಕಾಲೇಜಿನಲ್ಲಿ ನನಗೆ ಇಷ್ಟು ಚೆನ್ನಾಗಿ ಅಕ್ಷರದ ಪಾಠ ಯಾರೂ ಮಾಡಲಿಲ್ಲ.

ನಾಟಕದ ಸೀನಿನ ಕಥೆ ಬೇರೆ. ಗದುಗಿನ ಗರುಡ ಸದಾಶಿವರಾಯರ ಕಂಪನಿಯ ಟ್ರಿಕ್ ಸೀನುಗಳ ಸುದ್ದಿಯನ್ನು ಅಜ್ಜ ತಾನೇ ನೋಡಿದವನ ಹಾಗೆ ಹೇಳುತ್ತಿದ್ದ, ನೋಡಿದ್ದನೋ ಇಲ್ಲವೋ. ಕಂಪನಿಗಳ ಹೊಡೆತ ಇಳಿದ ಮೇಲೂ ಊರ ಹುಡುಗರು ಜಾತ್ರೆಗೆ ಸಾಮಾಜಿಕ ನಾಟಕ ಆಡುವುದು ನಿಲ್ಲಲಿಲ್ಲ. ಅವರಿಗೆ ಮೂರು ಪರದೆ ಸಾಕು: ರಸ್ತೆ, ಬಡವನ ಮನೆ, ಸಾಹುಕಾರನ ಮನೆ. ಮಾದರಪಾಟಿಗೆ ಸರೇಸು, ಸುಣ್ಣದ ಪುಡಿ ಬಳಿದು ಒಣಗಿಸಿ ಅಪ್ಪ ಬರೆದ ಸಾಹುಕಾರನ ಮನೆಯ ಮೆಟ್ಟಿಲು ಎಲ್ಲಿಗೂ ಹೋಗುವುದಿಲ್ಲ, ಗೋಡೆಗೇ ಮುಗಿಯುತ್ತದೆ. ಅಂಥ ಮನೆಯನ್ನು ಅವನು ಒಳಹೊಕ್ಕು ನೋಡಿರಲಿಲ್ಲ.

ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆಂದು ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಕರೆದೊಯ್ದರು. ರೊಟ್ಟಿ ಬಡಿಯುವವಳು, ಕುರಿ ಕಾಯುವವನು, ಸಂತೆಯಲ್ಲಿ ಕೂತವರು, ಎಲ್ಲರೂ ಆಳೆತ್ತರದ ಸಿಮೆಂಟಿನವರು. ಒಬ್ಬಳು ಮುದುಕಿಯನ್ನು ಹಾದುಹೋಗುವಾಗ ನನ್ನ ಗೆಳತಿ "ಸರೀರಿ ಅಜ್ಜಿ" ಎಂದಳು. ಇದನ್ನು ಕಟ್ಟಿಸಿದ ಟಿ.ಬಿ. ಸೊಲಬಕ್ಕನವರ ಹುಲಸೋಗಿಯವರು. ಅವರು ಚಿತ್ರ ಬರೆದರು, ಶಿಲ್ಪ ಮಾಡಿದರು. ರಾತ್ರಿಯಿಡೀ ನಡೆಯುತ್ತಿದ್ದ ದೊಡ್ಡಾಟವನ್ನು ಕಡಿಮೆ ಹೊತ್ತಿಗೆ ಇಳಿಸಿ ಪೇಟೆಯವರೂ ಕೂತು ನೋಡುವಂತೆ ಮಾಡಿದರು, ಬಯಲಾಟ ಅಕಾಡೆಮಿಗೂ ಅಧ್ಯಕ್ಷರಾದರು. 2020ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಕಲಾವಿದ, ಶಿಲ್ಪಿ, ಬಯಲಾಟ ತಜ್ಞ ಎಂದು ಮೂರು ಹೆಸರು ಕೊಟ್ಟವು. ನನಗೆ ಅದು ಒಂದೇ ಕೆಲಸ ಎನಿಸುತ್ತದೆ. ದೊಡ್ಡಾಟದ ಭುಜಕೀರ್ತಿಗೆ ಬೇಗಡೆ ಅಂಟಿಸುವವನು ಬಡಗಿಯೋ, ಚಿತ್ರಗಾರನೋ, ದರ್ಜಿಯೋ? ಸಿಮೆಂಟಿನ ಹಳ್ಳಿಯ ಬಗ್ಗೆ ನನಗೊಂದು ತಕರಾರೂ ಇದೆ: ಅಲ್ಲಿ ಎಲ್ಲರೂ ತುಸು ಹೆಚ್ಚೇ ಸುಖವಾಗಿದ್ದಾರೆ. ಬಾಕಿ ಕೇಳಲು ಬಂದವನೊಬ್ಬ ಬಾಗಿಲಲ್ಲಿ ನಿಂತಿರಬೇಕಿತ್ತು.

ಫ್ಲೆಕ್ಸ್ ಬಂತು, ವಹಿ ತೆಳ್ಳಗಾಯಿತು. ಹೇಳಲು ಹೆಚ್ಚಿಲ್ಲ. ಮೂರು ದಿನದ ಬೋರ್ಡು ಒಂದು ಗಂಟೆಯಲ್ಲಿ ಮುಗಿಯತೊಡಗಿತು, ಒತ್ತಕ್ಷರದ ಜಾಗವನ್ನು ಕಂಪ್ಯೂಟರೇ ಬಿಡತೊಡಗಿತು, ತಪ್ಪು ತಪ್ಪಾಗಿ.

ಕೋಡು ಮಾತ್ರ ಉಳಿಯಿತು. ದೀಪಾವಳಿಯಿಂದ ಶುರುವಾಗುವ ಹೋರಿ ಹಬ್ಬಕ್ಕೆ ನಮ್ಮ ಕಡೆಯ ಹೋರಿಗಳು ಕೊಬ್ಬರಿ ಸರ, ಬಲೂನು, ರಿಬ್ಬನ್ನು, ಝೂಲ ಹೊತ್ತು ಓಡುತ್ತವೆ. ಕೊರಳ ಕೊಬ್ಬರಿ ಕಿತ್ತವನು ಗೆದ್ದ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿದಾಗ ಅದರ ಬಿಸಿ ಇಲ್ಲಿಗೂ ತಟ್ಟಿತು. ತಿವಿತಕ್ಕೆ ಜೀವ ಹೋದದ್ದೂ ಉಂಟು, ಆ ಮಾತು ಮರೆಸಿ ಹಬ್ಬ ಹೊಗಳಲಾರೆ. ಆದರೆ ಕೋಡಿಗೆ ಬಣ್ಣ ಹಚ್ಚುವುದನ್ನು ಯಾವ ಕೋರ್ಟೂ ಬೇಡವೆಂದಿಲ್ಲ. ಗಾಜಿನ ಚೂರಿನಿಂದ ಕೋಡು ಹೆರೆಯಬೇಕು, ಅರಿವೆಯಿಂದ ಒರೆಸಬೇಕು, ಆಮೇಲೆ ಬಣ್ಣ. ಮೊದಲ ಸಲ ನಾನು ಕುಂಚ ಹಿಡಿದಾಗ ಹೋರಿ ತಲೆ ಕೊಡವಿತು, ಗೆರೆ ಕಿವಿಗೆ ಹೋಯಿತು. ಅಪ್ಪ ನನ್ನ ಮಣಿಕಟ್ಟು ಹಿಡಿದು ಹೋರಿಯ ಹಣೆಗೆ ಊರಿದ. "ಇಲ್ಲಿ ಇಡು ಕೈಯಿ. ಅದು ಆಡಿದ್ರ ನಿನ್ನ ಕೈಯೂ ಆಡತೈತಿ, ಗೆರಿ ಕೆಡಂಗಿಲ್ಲ." ಹಣೆ ಬಿಸಿಯಾಗಿತ್ತು. ಗೋಡೆಯ ಕೋಲು ಇಲ್ಲಿ ಹೋರಿಯೇ ಆಗಿತ್ತು.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಮೆಡ್ಲೇರಿಯ ಕಂಬಳಿಗೆ ಹೋರಿಯ ಹೆಸರುಗಳನ್ನು ಹೊಲಿದಿದ್ದೇನೆ. ಅಪ್ಪ ಬರೆದ ಗೋಡೆಗಳನ್ನು, ಅಳಿದುಳಿದ ಅಕ್ಷರ ಸಮೇತ, ವಿಡಿಯೊ ಮಾಡುತ್ತಿದ್ದೇನೆ. ಮೂರನೆಯದು ಬ್ಯಾಡಗಿ ಮೆಣಸಿನಕಾಯಿಯ ಚಿತ್ರ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಬಣ್ಣದೆಣ್ಣೆ ತುಟಿಯ ಬಣ್ಣಕ್ಕೂ ಹೋಗುತ್ತದೆ. ತುಟಿಗೆ ಆಗುವುದಾದರೆ ಬಟ್ಟೆಗೆ ಯಾಕಾಗಬಾರದು ಎಂದು ಡಬ್ಬಿ ತಳಿಯ ಕಾಯಿ ತಂದು ನೀರಲ್ಲಿ ಕುದಿಸಿದೆ. ಸಾರಿನ ಬಣ್ಣವಷ್ಟೇ ಬಂತು, ಮನೆಯವರೆಲ್ಲ ಕೆಮ್ಮಿದರು. ಅವ್ವ ಒಗ್ಗರಣೆ ಸೌಟು ಕೈಗೆ ಕೊಟ್ಟು, "ಎಣ್ಣ್ಯಾಗ ಹಾಕು, ನೀರಾಗ ಬಿಡಂಗಿಲ್ಲ ಅದು" ಎಂದಳು. ಬೆಚ್ಚಗಿನ ಎಣ್ಣೆಯಲ್ಲಿ ಅದು ಬಿಡುಗಡೆಯಾದ ಹಾಗೆ ಕೆಂಪಗೆ ಹರಡಿತು. ಮಾದರಪಾಟಿನ ಮೇಲೆ ಆಳೆತ್ತರದ ಹೋರಿಯೊಂದನ್ನು ಅದರಲ್ಲೇ ಬರೆದು ಊರ ಸಮುದಾಯ ಭವನದ ಕಿಟಕಿ ಎದುರು ತೂಗುಹಾಕಿದೆ.

ಬ್ಯಾಡಗಿಯ ವರ್ತಕರು ಕಾಯಿಯನ್ನು ಕೋಲ್ಡ್ ಸ್ಟೋರೇಜಿನ ಕತ್ತಲೆಯಲ್ಲಿಡುವುದು ಬಣ್ಣ ಉಳಿಸಿಕೊಳ್ಳಲಿಕ್ಕೇ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಬಿಸಿಲು ಬಿದ್ದ ಕಡೆ ಹೋರಿ ಕಿತ್ತಳೆಯಾಯಿತು, ಆಮೇಲೆ ಹಳದಿ, ಕೊನೆಗೆ ಎಣ್ಣೆ ಕಲೆ. ಕಿಟಕಿ ಸರಳಿನ ನೆರಳು ಬಿದ್ದಲ್ಲಿ ಮಾತ್ರ ಮಾಸಲು ಕೆಂಪಿನ ಪಟ್ಟಿ ಉಳಿದಿದ್ದವು, ಬಂದೀಖಾನೆಯ ಹೋರಿಯ ಹಾಗೆ. ನನಗೆ ಅದು ಮೊದಲಿಗಿಂತ ಹಿಡಿಸಿತು. ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಣ್ಣಿಗೆ ಪೊರೆ ಬಂದಿದೆ ಅವನಿಗೆ. ಬಟ್ಟೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮೂಸಿ, ಒಂದು ಸೀನು ಸೀನಿದ.

"ಮುಂದಿನ ಸಲ ಮ್ಯಾಲೆ ಒಂದ್ ಕೋಟ್ ವಾರ್ನಿಶ್ ಹೊಡಿ," ಎಂದ. "ಇದಕ್ಕ ಎಷ್ಟು ಕೊಟ್ರು?"